ಅಂಗಡಿಯ ಅನುಭವಿ ನೌಕರ: ಖರ್ಚೋ, ಬಂಡವಾಳವೋ?

ವ್ಯಾಪಾರ ಮಂದವಾದಾಗ ಮಾಲೀಕನ ದೃಷ್ಟಿ ಮೊದಲು ಬೀಳುವುದು ಪಗಾರದ ಪಟ್ಟಿಯ ಮೇಲೆ. ಮಳಿಗೆಯ ಬಾಡಿಗೆ ಇಳಿಸಲು ಕಟ್ಟಡದ ಒಡೆಯ ಒಪ್ಪುವುದಿಲ್ಲ. ಬ್ಯಾಂಕಿನ ಬಡ್ಡಿ, ವಿದ್ಯುತ್ ಬಿಲ್ಲು, ತೆರಿಗೆ ಇವು ಯಾವುವೂ ನಮ್ಮ ಕೈಯಲ್ಲಿಲ್ಲ. ಕಡಿಮೆ ಮಾಡಲು ಸಾಧ್ಯವೆಂದು ತೋರುವುದು ನೌಕರರ ವೇತನ ಒಂದೇ. ಆ ಪಟ್ಟಿಯಲ್ಲಿಯೂ ಎಲ್ಲರಿಗಿಂತ ಹೆಚ್ಚಿನ ಮೊತ್ತ ಯಾರ ಹೆಸರಿನ ಮುಂದಿದೆಯೋ ಆತನೇ, ಅಂದರೆ ಇಪ್ಪತ್ತು ಇಪ್ಪತ್ತೈದು ವರ್ಷಗಳಿಂದ ಅಂಗಡಿಯ ಜೀವಾಳವಾಗಿ ನಿಂತ ಹಿರಿಯ ನೌಕರನೇ, ಮೊದಲು ಕಣ್ಣಿಗೆ ಬೀಳುತ್ತಾನೆ. ಆತನ ಬದಲು ಕಡಿಮೆ ಪಗಾರದ ಹುಡುಗನೊಬ್ಬನನ್ನು ಇಟ್ಟುಕೊಂಡರಾಗದೇ ಎಂಬ ಪ್ರಶ್ನೆ ರೋಣ, ನರಗುಂದ ಮತ್ತು ಗಜೇಂದ್ರಗಡದ ವ್ಯಾಪಾರಸ್ಥರ ಲೆಕ್ಕಪತ್ರಗಳನ್ನು ಪರಿಶೀಲಿಸುವಾಗ ಮತ್ತೆ ಮತ್ತೆ ಕೇಳಿಬರುತ್ತದೆ.

ಪ್ರಶ್ನೆ ಅನ್ಯಾಯದ್ದೇನೂ ಅಲ್ಲ. ಮೊಬೈಲ್ ಫೋನಿನ ಮೇಲೆ ಬೆರಳಾಡಿಸಿ ಮನೆ ಬಾಗಿಲಿಗೇ ಸರಕು ತರಿಸಿಕೊಳ್ಳುವ ಗಿರಾಕಿಯ ಎದುರು ಸಣ್ಣ ವ್ಯಾಪಾರಿಯ ಲಾಭಾಂಶ ಕುಗ್ಗುತ್ತಿರುವುದು ನಿಜ. ಆದರೆ ಈ ಪ್ರಶ್ನೆಗೆ ಉತ್ತರವನ್ನು ಗಲ್ಲಾ ಪೆಟ್ಟಿಗೆಯ ಮುಂದೆ ಕುಳಿತು ಆತುರದಲ್ಲಿ ಕೊಡತಕ್ಕದ್ದಲ್ಲ. ಇದೇ ಪ್ರಶ್ನೆಯನ್ನು ಎದುರಿಸಿದ ಅಮೆರಿಕದ ಎರಡು ದೊಡ್ಡ ಕಂಪನಿಗಳ ಅನುಭವ ನಮ್ಮ ಮುಂದಿದೆ. ಅವುಗಳ ವ್ಯವಹಾರದ ಗಾತ್ರಕ್ಕೂ ನಮ್ಮದಕ್ಕೂ ಹೋಲಿಕೆಯಿಲ್ಲವಾದರೂ ಲೆಕ್ಕದ ತತ್ತ್ವ ಒಂದೇ.

ನಾನೂರು ಪರಿಣತರು ಕೆಲಸ ಕಳೆದುಕೊಂಡ ಬಗೆ

ಮೊದಲನೆಯದು ಗಾಲ್ಫ್ ಆಟಕ್ಕೆ ಸಂಬಂಧಿಸಿದ್ದು. ಬೆಂಗಳೂರು ಗಾಲ್ಫ್ ಕ್ಲಬ್ 1876ರಲ್ಲಿಯೇ ಸ್ಥಾಪನೆಯಾಗಿದ್ದರೂ ಈ ಆಟ ನಮ್ಮ ಎರೆ ಭೂಮಿಯವರೆಗೆ ಬಂದಿಲ್ಲ. ಆದ್ದರಿಂದ ಎರಡು ಮಾತು ಅವಶ್ಯ. ಗಾಲ್ಫ್ ಆಟಗಾರ ತನ್ನ ಚೀಲದಲ್ಲಿ ಹದಿನಾಲ್ಕರವರೆಗೆ ಬೇರೆ ಬೇರೆ ಕೋಲುಗಳನ್ನು ಇಟ್ಟುಕೊಳ್ಳಬಹುದು. ಕೋಲಿನ ಉದ್ದ, ದಂಡದ ಬಿರುಸು, ತಲೆಯ ಓರೆ ಇವೆಲ್ಲ ಆಟಗಾರನ ಎತ್ತರಕ್ಕೂ ಬೀಸುವ ರೀತಿಗೂ ಹೊಂದಬೇಕು. ತಪ್ಪು ಕೋಲು ಕೊಂಡರೆ ಹಣ ನೀರಿನಲ್ಲಿ ಹೋಮ ಮಾಡಿದಂತೆ. ಈ ಹೊಂದಾಣಿಕೆ ಮಾಡಿಕೊಡಲು ಅಲ್ಲಿ ಪರಿಣತರಿದ್ದಾರೆ. 1916ರಲ್ಲಿ ಸ್ಥಾಪನೆಯಾದ ಅಮೆರಿಕದ ವೃತ್ತಿಪರ ಗಾಲ್ಫ್ ಸಂಘದ ಸದಸ್ಯತ್ವ ಪಡೆಯಲು ಆಟದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಕೆಲವು ವರ್ಷಗಳ ತರಬೇತಿಯನ್ನು ಮುಗಿಸಬೇಕು.

ಡಿಕ್ಸ್ ಸ್ಪೋರ್ಟಿಂಗ್ ಗೂಡ್ಸ್ ಎಂಬ ಕ್ರೀಡಾ ಸಾಮಗ್ರಿ ಕಂಪನಿ 1948ರಲ್ಲಿ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ಎಂಬ ಊರಿನಲ್ಲಿ ಸಣ್ಣ ಅಂಗಡಿಯಾಗಿ ಆರಂಭವಾಗಿ, 2014ರ ಹೊತ್ತಿಗೆ ಐನೂರಕ್ಕೂ ಹೆಚ್ಚು ಮಳಿಗೆಗಳ ಸಂಸ್ಥೆಯಾಗಿ ಬೆಳೆದಿತ್ತು. ತನ್ನ ಮಳಿಗೆಗಳ ಗಾಲ್ಫ್ ವಿಭಾಗದಲ್ಲಿ ಇಂಥ ಪರಿಣತರನ್ನೇ ನೇಮಿಸಿಕೊಂಡಿರುವುದು ಅದರ ಹೆಮ್ಮೆಯಾಗಿತ್ತು. ಆದರೆ 2000ರ ದಶಕದ ಆರಂಭದಲ್ಲಿ ಸುಮಾರು 3 ಕೋಟಿಯಿದ್ದ ಅಮೆರಿಕದ ಗಾಲ್ಫ್ ಆಟಗಾರರ ಸಂಖ್ಯೆ ಹತ್ತು ವರ್ಷಗಳಲ್ಲಿ ಸುಮಾರು 2.5 ಕೋಟಿಗೆ ಇಳಿಯಿತು. ತಯಾರಕರು ಮಾತ್ರ ಮೇಲಿಂದ ಮೇಲೆ ಹೊಸ ಮಾದರಿಗಳನ್ನು ಬಿಡುಗಡೆ ಮಾಡುತ್ತ ಹೋದರು. ಹಳೆಯ ಸರಕು ಕಪಾಟಿನಲ್ಲಿ ಉಳಿಯಿತು. ಅದನ್ನು ಸಾಗಿಸಲು ದರ ಇಳಿಸಬೇಕಾಯಿತು. 2014ರ ಮೊದಲ ತ್ರೈಮಾಸಿಕದಲ್ಲಿ ಗಾಲ್ಫ್ ವಿಭಾಗದ ಮಾರಾಟ ನಿರೀಕ್ಷೆಗಿಂತ ಬಹಳ ಕೆಳಗೆ ಬಂದಿತು. ಆ ವರ್ಷದ ಜುಲೈ ತಿಂಗಳಿನಲ್ಲಿ ಕಂಪನಿಯು ನಾನೂರಕ್ಕೂ ಹೆಚ್ಚು ಪರಿಣತರನ್ನು ಕೆಲಸದಿಂದ ತೆಗೆದುಹಾಕಿತು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಸರಕು ಅತಿಯಾಗಿ ತಯಾರಿಸಿದವರು ತಯಾರಕರು. ಅದನ್ನು ಖರೀದಿಸಿ ತುಂಬಿಕೊಂಡದ್ದು ಕಂಪನಿಯ ಖರೀದಿ ವಿಭಾಗ. ಆಟದ ಒಲವು ಕಡಿಮೆಯಾದದ್ದು ಕಾಲಧರ್ಮ. ಇದರಲ್ಲಿ ಯಾವುದಕ್ಕೂ ಮಳಿಗೆಯಲ್ಲಿ ನಿಂತು ಗಿರಾಕಿಯ ಕೈಗೆ ಸರಿಯಾದ ಕೋಲು ಕೊಡುತ್ತಿದ್ದವನು ಕಾರಣನಲ್ಲ. ಆದರೂ ಮೊದಲು ಹೊರಬಿದ್ದವನು ಆತನೇ. ಖರ್ಚಿನ ಪಟ್ಟಿಯಲ್ಲಿ ಬೇರೆಯಾಗಿ, ಸ್ಪಷ್ಟವಾಗಿ ಕಾಣುತ್ತಿದ್ದುದು ಆತನ ವೇತನ ಮಾತ್ರ.

ಹಾಗೆಂದು ಕಂಪನಿ ಮುಳುಗಿತೇ? ಇಲ್ಲ. ಕೇವಲ ಗಾಲ್ಫ್ ಸಾಮಗ್ರಿಯನ್ನೇ ನಂಬಿದ್ದ ಗಾಲ್ಫ್‌ಸ್ಮಿತ್ ಎಂಬ ಸಂಸ್ಥೆ 2016ರಲ್ಲಿ ದಿವಾಳಿ ಅರ್ಜಿ ಸಲ್ಲಿಸಿದಾಗ ಅದನ್ನು ಹರಾಜಿನಲ್ಲಿ ಕೊಂಡದ್ದು ಇದೇ ಡಿಕ್ಸ್ ಕಂಪನಿ. ಆದರೆ 2020ರ ಕೋವಿಡ್ ಕಾಲದಲ್ಲಿ ಬಯಲಿನ ಆಟವಾದ ಗಾಲ್ಫ್ ಮತ್ತೆ ಜನಪ್ರಿಯವಾದಾಗ, ಕಂಪನಿಯ ಒಡೆತನದ ಗಾಲ್ಫ್ ಗ್ಯಾಲಕ್ಸಿ ಮಳಿಗೆಗಳು ಗಿರಾಕಿಗಳನ್ನು ಕರೆದದ್ದು ಯಾವುದರಿಂದ? ಚೆಂಡಿನ ವೇಗ ಮತ್ತು ದಿಕ್ಕನ್ನು ಅಳೆಯುವ ಯಂತ್ರಗಳಿಂದ, ಮತ್ತು ಆ ಅಳತೆಯನ್ನು ನೋಡಿ ಕೋಲು ಹೊಂದಿಸಿಕೊಡುವ ತಜ್ಞರಿಂದ. ಕಂಪನಿ ಬದುಕಿತು, ಆದರೆ ತಜ್ಞನ ಅವಶ್ಯಕತೆ ತಪ್ಪಲಿಲ್ಲ.

ಉಳಿತಾಯವೇ ಮುಳುವಾದದ್ದು

ಎರಡನೆಯ ಉದಾಹರಣೆ ಇನ್ನೂ ಕಠೋರವಾದದ್ದು. ಸರ್ಕಿಟ್ ಸಿಟಿ ಎಂಬುದು ಟಿ.ವಿ., ಕಂಪ್ಯೂಟರ್ ಮುಂತಾದ ಎಲೆಕ್ಟ್ರಾನಿಕ್ ವಸ್ತುಗಳ ದೊಡ್ಡ ಮಾರಾಟ ಸಂಸ್ಥೆ. ಮಾರ್ಚ್ 2007ರಲ್ಲಿ ಅದು ಸುಮಾರು 3,400 ಮಳಿಗೆ ನೌಕರರನ್ನು ಒಂದೇ ಏಟಿಗೆ ತೆಗೆಯಿತು. ಕಾರಣ ಅವರ ಕೆಲಸ ಸರಿಯಿಲ್ಲವೆಂದಲ್ಲ, ಪೇಟೆಯ ದರಕ್ಕಿಂತ ಹೆಚ್ಚು ವೇತನ ಪಡೆಯುತ್ತಿದ್ದಾರೆಂದು. ಅವರ ಜಾಗಕ್ಕೆ ಕಡಿಮೆ ವೇತನದವರನ್ನು ನೇಮಿಸಲಾಯಿತು. ನವೆಂಬರ್ 2008ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. 2009ರ ಮಾರ್ಚಿನೊಳಗೆ ಎಲ್ಲ ಮಳಿಗೆಗಳೂ ಮುಚ್ಚಿ, ಮೂವತ್ತು ಸಾವಿರಕ್ಕೂ ಹೆಚ್ಚು ಜನ ಬೀದಿಗೆ ಬಿದ್ದರು. ಆರ್ಥಿಕ ಹಿಂಜರಿತ, ತೀವ್ರ ಪೈಪೋಟಿ ಮೊದಲಾದ ಬೇರೆ ಕಾರಣಗಳೂ ಇದ್ದವೆಂಬುದು ನಿಜ. ಆದರೆ ಯಾವ ಟಿ.ವಿ. ಕೊಳ್ಳಬೇಕೆಂದು ತಿಳಿಸಿ ಹೇಳುವವನೇ ಇಲ್ಲದ ಅಂಗಡಿಗೆ ಗಿರಾಕಿ ಏಕೆ ಬರಬೇಕು?

ಎರಡನ್ನೂ ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಡಿಕ್ಸ್ ಕಂಪನಿಗೆ ಗಾಲ್ಫ್ ಹತ್ತು ವಿಭಾಗಗಳಲ್ಲಿ ಒಂದು. ಬಟ್ಟೆ, ಬೂಟು, ಚೆಂಡು ಮಾರಿಯಾದರೂ ಅದು ಬದುಕಬಲ್ಲದು. ಸರ್ಕಿಟ್ ಸಿಟಿಯಲ್ಲಿ ತಿಳಿವಳಿಕೆಯುಳ್ಳ ಮಾರಾಟಗಾರನೇ ವ್ಯಾಪಾರದ ತಿರುಳು. ಆದ್ದರಿಂದ ಅನುಭವಿಯನ್ನು ತೆಗೆಯುವ ಮೊದಲು ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಗಿರಾಕಿ ನನ್ನ ಅಂಗಡಿಗೆ ಬರುವುದು ಬರಿಯ ಸರಕಿಗಾಗಿಯೋ, ಸರಕಿನ ಜೊತೆಗೆ ಸಿಗುವ ಸಲಹೆಗಾಗಿಯೋ?

ನಮ್ಮ ಪೇಟೆಯ ಪರಿಸ್ಥಿತಿ

ನಮ್ಮ ಮೂರು ಊರುಗಳ ವ್ಯಾಪಾರವನ್ನು ಈ ದೃಷ್ಟಿಯಿಂದ ನೋಡೋಣ. ರೋಣ, ನರಗುಂದದ ಬೀಜ, ಗೊಬ್ಬರ, ಕೀಟನಾಶಕದ ಅಂಗಡಿಗೆ ಬರುವ ರೈತ ಕೈಯಲ್ಲಿ ಒಣಗಿದ ಎಲೆಯೊಂದನ್ನು ಹಿಡಿದು ಬರುತ್ತಾನೆ. ಹತ್ತಿಗೋ, ಮೆಣಸಿನಕಾಯಿಗೋ, ಕಡಲೆಗೋ ಬಂದ ರೋಗಕ್ಕೆ ಏನು ಹೊಡೆಯಬೇಕು, ಎಷ್ಟು ಹೊಡೆಯಬೇಕು ಎಂಬುದು ಆತನ ಪ್ರಶ್ನೆ. ಆತ ಕೊಳ್ಳುವುದು ಬಾಟಲಿಯನ್ನಾದರೂ ಬಯಸಿ ಬಂದದ್ದು ಉತ್ತರವನ್ನು. ಈ ಅರಿವು ಕಾನೂನಿಗೂ ಇದೆ. ಕೃಷಿ ಪರಿಕರ ಮಾರಾಟಗಾರರಿಗಾಗಿಯೇ ಹೈದರಾಬಾದಿನ ಮ್ಯಾನೇಜ್ ಸಂಸ್ಥೆ 2003ರಲ್ಲಿ ಒಂದು ವರ್ಷದ ಡಿಪ್ಲೊಮಾ ತರಬೇತಿಯನ್ನು ಆರಂಭಿಸಿತು. ಕೀಟನಾಶಕ ನಿಯಮಗಳಿಗೆ 2015ರಲ್ಲಿ ಬಂದ ತಿದ್ದುಪಡಿಯು ಪರವಾನಗಿ ಬೇಡುವ ಮಾರಾಟಗಾರ ಸ್ವತಃ, ಅಥವಾ ಆತ ನೇಮಿಸಿಕೊಂಡವನು, ನಿಗದಿತ ವಿದ್ಯಾರ್ಹತೆ ಹೊಂದಿರಬೇಕೆಂದಿತು. ಔಷಧ ಅಂಗಡಿಯಲ್ಲಿ ನೋಂದಾಯಿತ ಫಾರ್ಮಾಸಿಸ್ಟ್ ಇರಬೇಕೆಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಆದರೆ ಪ್ರಮಾಣಪತ್ರ ಗೋಡೆಯ ಮೇಲಿದ್ದು, ಅದರ ಒಡೆಯ ಬೇರೆ ಊರಿನಲ್ಲಿದ್ದರೆ ಕಾನೂನಿನ ಅಕ್ಷರವನ್ನು ಪಾಲಿಸಿದಂತೆ ತೋರಬಹುದು, ಗಿರಾಕಿಗೆ ಉತ್ತರ ಸಿಗುವುದಿಲ್ಲ.

ಹಿಂದೆ ರೋಣ ತಾಲೂಕಿನಲ್ಲಿದ್ದು ಈಗ ತಾನೇ ತಾಲೂಕು ಕೇಂದ್ರವಾಗಿರುವ ಗಜೇಂದ್ರಗಡ ಕೈಮಗ್ಗದ ಸೀರೆಗೆ ಹೆಸರಾದ ಊರು. ಕೈಮಗ್ಗದ ಸೀರೆ ಯಾವುದು, ವಿದ್ಯುತ್ ಮಗ್ಗದ್ದು ಯಾವುದು ಎಂಬುದನ್ನು ಸೆರಗು ಮುಟ್ಟಿ ಹೇಳಬಲ್ಲ ಮಾರಾಟಗಾರನಿದ್ದರೆ ಮಾತ್ರ ಹೆಚ್ಚಿನ ಬೆಲೆಗೆ ಗಿರಾಕಿ ಒಪ್ಪುತ್ತಾಳೆ. ಆತನಿಲ್ಲದಿದ್ದರೆ ಎರಡೂ ಒಂದೇ ರಾಶಿಯಲ್ಲಿ ಬಿದ್ದು, ನೇಕಾರನ ಶ್ರಮಕ್ಕೂ ವ್ಯಾಪಾರಿಯ ಲಾಭಕ್ಕೂ ಬೆಲೆ ಬರುವುದಿಲ್ಲ. ಸಣ್ಣ ಉದ್ದಿಮೆದಾರರಿಗೂ ಈ ಮಾತು ಅನ್ವಯಿಸುತ್ತದೆ. ಕೂರಿಗೆ, ಕುಂಟೆ ತಯಾರಿಸುವ ವರ್ಕ್‌ಶಾಪಿನ ಹಿರಿಯ ಫಿಟ್ಟರ್, ಎಣ್ಣೆ ಮಿಲ್ಲಿನ ಮೇಸ್ತ್ರಿ ಇವರ ತಿಳಿವಳಿಕೆ ಯಾವ ಪುಸ್ತಕದಲ್ಲಿಯೂ ಬರೆದಿಲ್ಲ. ಅಡತಿ ಅಂಗಡಿಯ ಹಳೆಯ ದಿವಾಣಜಿಗೆ ಯಾವ ಊರಿನ ಯಾವ ಮನೆತನ ಸುಗ್ಗಿಗೆ ಬಾಕಿ ಚುಕ್ತಾ ಮಾಡುತ್ತದೆ, ಯಾರ ಉದ್ರಿ ಮುಳುಗುತ್ತದೆ ಎಂಬುದು ಖಾತೆ ತೆರೆಯದೆಯೇ ಗೊತ್ತಿರುತ್ತದೆ.

ಲೆಕ್ಕಪತ್ರ ತೋರಿಸದ ಆಸ್ತಿ

ಹಾಗಾದರೆ ಈ ತಿಳಿವಳಿಕೆ ಅಢಾವೆ ಪತ್ರಿಕೆಯಲ್ಲಿ ಏಕೆ ಕಾಣುವುದಿಲ್ಲ? ಅಗೋಚರ ಆಸ್ತಿಗಳನ್ನು ಕುರಿತ 26ನೆಯ ಲೆಕ್ಕಪತ್ರ ಮಾನಕದ ಪ್ರಕಾರ ನುರಿತ ನೌಕರರ ತಂಡವನ್ನು ಸಾಮಾನ್ಯವಾಗಿ ಆಸ್ತಿಯೆಂದು ತೋರಿಸಲಾಗದು. ಏಕೆಂದರೆ ನೌಕರನ ಮೇಲೆ ಸಂಸ್ಥೆಗೆ ಯಂತ್ರದ ಮೇಲಿರುವಂಥ ಹತೋಟಿ ಇಲ್ಲ. ನಮ್ಮ ರಾಜ್ಯದ ಇನ್ಫೋಸಿಸ್ ಕಂಪನಿ 2000ರ ದಶಕದಲ್ಲಿ ತನ್ನ ವಾರ್ಷಿಕ ವರದಿಯಲ್ಲಿ ಮಾನವ ಸಂಪನ್ಮೂಲದ ಮೌಲ್ಯವನ್ನು ಪ್ರತ್ಯೇಕವಾಗಿ ಪ್ರಕಟಿಸುತ್ತಿತ್ತು. ಆದರೆ ಅದು ಹೆಚ್ಚಿನ ಮಾಹಿತಿಯಾಗಿತ್ತೇ ಹೊರತು ಅಢಾವೆ ಪತ್ರಿಕೆಯ ಭಾಗವಾಗಿರಲಿಲ್ಲ. ಹೀಗಾಗಿ ನೌಕರನ ಪಗಾರ ಲಾಭ-ಹಾನಿ ಪತ್ರಕದಲ್ಲಿ ಪ್ರತಿ ವರ್ಷ ಖರ್ಚಾಗಿ ಕಾಣುತ್ತದೆ. ಆತ ತಂದ ಮಾರಾಟ ಒಟ್ಟು ಮಾರಾಟದಲ್ಲಿ ಕರಗಿಹೋಗುತ್ತದೆ.

ಇದನ್ನು ಸರಿಪಡಿಸಲು ದೊಡ್ಡ ಶಾಸ್ತ್ರ ಬೇಕಿಲ್ಲ, ಒಂದು ಹಾಳೆ ಸಾಕು. ಉದಾಹರಣೆಗೆ ಒಂದು ಅಂಗಡಿಯ ಒಟ್ಟು ಲಾಭ ನೂರಕ್ಕೆ 12 ರೂಪಾಯಿ ಎಂದಿಟ್ಟುಕೊಳ್ಳೋಣ. ಹಿರಿಯ ನೌಕರನ ಪಗಾರ ತಿಂಗಳಿಗೆ 22,000 ರೂಪಾಯಿ. ಹೊಸಬನಿಗೆ 16,000 ರೂಪಾಯಿ ಕೊಟ್ಟರೆ ತಿಂಗಳಿಗೆ 6,000, ವರ್ಷಕ್ಕೆ 72,000 ರೂಪಾಯಿ ಉಳಿತಾಯ. ಇಷ್ಟು ಒಟ್ಟು ಲಾಭ ಬರುವುದು 6 ಲಕ್ಷ ರೂಪಾಯಿಗಳ ಮಾರಾಟದಿಂದ. ವರ್ಷಕ್ಕೆ 300 ದಿನ ಅಂಗಡಿ ತೆರೆದಿದ್ದರೆ ದಿನಕ್ಕೆ 2,000 ರೂಪಾಯಿ. ಅಂದರೆ ಹಿರಿಯ ನೌಕರ ಹೋದ ಮೇಲೆ ದಿನಕ್ಕೆ 2,000 ರೂಪಾಯಿಗಳ ಮಾರಾಟ ತಪ್ಪಿದರೂ ಉಳಿತಾಯ ಸೊನ್ನೆ. ಅದಕ್ಕಿಂತ ಹೆಚ್ಚು ತಪ್ಪಿದರೆ, ಅಥವಾ ಹೊಸಬನ ಅನನುಭವದಿಂದ ತಪ್ಪು ಸರಕು ಬಂದು ಬಿದ್ದರೆ, ಅಥವಾ ಕೊಡಬಾರದವನಿಗೆ ಉದ್ರಿ ಕೊಟ್ಟರೆ ಕೈಯಿಂದ ನಷ್ಟ. ನಿಮ್ಮ ಅಂಗಡಿಯ ಅಂಕಿಗಳನ್ನು ಹಾಕಿ ಈ ಲೆಕ್ಕ ಮಾಡಿ ನೋಡಬೇಕು. ಉತ್ತರ ನೌಕರನ ವಿರುದ್ಧ ಬಂದರೂ ಬರಬಹುದು, ಆದರೆ ಅದು ಲೆಕ್ಕದಿಂದ ಬಂದ ಉತ್ತರವಾಗಿರುತ್ತದೆ.

ಏನು ಮಾಡಬಹುದು?

ಮೊದಲನೆಯದಾಗಿ, ಮಾರಾಟದ ಬಿಲ್ಲಿನ ಮೇಲೆ ಗಿರಾಕಿಗೆ ಸರಕು ತೋರಿಸಿದ ನೌಕರನ ಸಂಕೇತ ಇರಲಿ. ಆರು ತಿಂಗಳಲ್ಲಿ ಯಾರಿಂದ ಎಷ್ಟು ಮಾರಾಟವೆಂಬುದು ತಾನಾಗಿ ತಿಳಿಯುತ್ತದೆ. ಎರಡನೆಯದಾಗಿ, ವ್ಯಾಪಾರ ನಿಜವಾಗಿಯೂ ಕುಗ್ಗಿದ್ದರೆ ಪಗಾರದ ಒಂದು ಭಾಗವನ್ನು ಮಾರಾಟದ ಲಾಭಕ್ಕೆ ಜೋಡಿಸುವ ಮಾತನ್ನು ನೌಕರನ ಮುಂದೆ ಬಿಚ್ಚಿಡಬಹುದು. ಕನಿಷ್ಠ ವೇತನದ ಮಿತಿಯನ್ನು ಮೀರದೆ ಇದನ್ನು ಮಾಡಲು ಸಾಧ್ಯ. ಮೂರನೆಯದಾಗಿ, ಸಲಹೆಯನ್ನು ಪುಕ್ಕಟೆ ಪಡೆದು ಸರಕನ್ನು ಬೇರೆಡೆ ಕೊಳ್ಳುವ ಗಿರಾಕಿಗೆ ಉತ್ತರವಾಗಿ ದುರಸ್ತಿ, ಜೋಡಣೆ, ಅಳತೆಗಳಿಗೆ ಸಣ್ಣ ಶುಲ್ಕವಿಟ್ಟು, ಸರಕು ನಮ್ಮಲ್ಲೇ ಕೊಂಡರೆ ಅದನ್ನು ಬಿಲ್ಲಿನಲ್ಲಿ ಬಿಟ್ಟುಕೊಡುವ ಪದ್ಧತಿ ತರಬಹುದು. ನಾಲ್ಕನೆಯದಾಗಿ, ಹಿರಿಯನ ಕೈಕೆಳಗೆ ಒಬ್ಬ ಕಿರಿಯನನ್ನು ಪಳಗಿಸಬೇಕು. ಇಲ್ಲದಿದ್ದರೆ ಆತ ವಯಸ್ಸಾಗಿ ಮನೆಗೆ ಹೋಗುವ ದಿನ ನಮ್ಮ ಬಂಡವಾಳವೂ ಆತನ ಜೊತೆಗೇ ಹೋಗುತ್ತದೆ.

ಕೊನೆಗೂ ತೆಗೆಯುವುದು ಅನಿವಾರ್ಯವಾದರೆ ಕ್ರಮಬದ್ಧವಾಗಿ ಆಗಬೇಕು. 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಆರು ತಿಂಗಳು ಸತತ ಸೇವೆ ಸಲ್ಲಿಸಿದ ನೌಕರನನ್ನು ಸೂಕ್ತ ಕಾರಣವಿಲ್ಲದೆ, ಒಂದು ತಿಂಗಳ ನೋಟೀಸು ಅಥವಾ ಅದರ ಬದಲು ವೇತನ ಕೊಡದೆ ತೆಗೆಯುವಂತಿಲ್ಲ. ಇಂದು ಸಂಜೆ ಲೆಕ್ಕ ಮುಗಿಸಿ ನಾಳೆಯಿಂದ ಬರಬೇಡವೆನ್ನುವ ಪದ್ಧತಿ ಕಾನೂನಿಗೂ ವಿರುದ್ಧ, ಪೇಟೆಯ ಮರ್ಯಾದೆಗೂ ವಿರುದ್ಧ.

ದೊಡ್ಡ ನಗರದಲ್ಲಿ ಕೆಲಸ ಕಳೆದುಕೊಂಡವನಿಗೆ ಮತ್ತೊಂದು ಅಂಗಡಿ ಸಿಗಬಹುದು. ಐವತ್ತು ದಾಟಿದ ನೌಕರನಿಗೆ ರೋಣದಲ್ಲಾಗಲಿ ನರಗುಂದದಲ್ಲಾಗಲಿ ಗಜೇಂದ್ರಗಡದಲ್ಲಾಗಲಿ ಇನ್ನೊಂದು ಬಾಗಿಲು ತೆರೆಯುವುದು ಕಷ್ಟ. ಆತನ ಮನೆಯ ಒಲೆಯ ಪ್ರಶ್ನೆ ಅದು. ಅದೇ ವೇಳೆಗೆ ನಮ್ಮ ವ್ಯಾಪಾರದ ಉಳಿವಿನ ಪ್ರಶ್ನೆಯೂ ಹೌದು. ದರದಲ್ಲಿ ನಾವು ಆನ್‌ಲೈನ್ ಕಂಪನಿಗಳನ್ನು ಗೆಲ್ಲಲಾರೆವು. ದಾಸ್ತಾನಿನ ವೈವಿಧ್ಯದಲ್ಲಿ ಹುಬ್ಬಳ್ಳಿಯ ದೊಡ್ಡ ಮಳಿಗೆಗಳನ್ನು ಸರಿಗಟ್ಟಲಾರೆವು. ಗಿರಾಕಿಯ ಹೊಲ, ಮನೆ, ಅವಶ್ಯಕತೆಗಳನ್ನು ಬಲ್ಲ ಮನುಷ್ಯ ನಮ್ಮಲ್ಲಿದ್ದಾನೆ ಎಂಬ ಒಂದೇ ಅಂಶದಲ್ಲಿ ನಾವು ಮುಂದಿದ್ದೇವೆ. ಹೊಸ ಆರ್ಥಿಕ ವರ್ಷದ ಕೀರ್ದಿ ಪುಸ್ತಕಕ್ಕೆ ಪೂಜೆ ಸಲ್ಲಿಸುವ ಮೊದಲು ಪ್ರತಿಯೊಬ್ಬ ವ್ಯಾಪಾರಿ ಬಂಧುವೂ ಮೇಲಿನ ಒಂದು ಹಾಳೆಯ ಲೆಕ್ಕವನ್ನು ತನ್ನ ಅಂಗಡಿಗೆ ಅನ್ವಯಿಸಿ ನೋಡಬೇಕೆಂದು ವಿನಂತಿ.