ಮನೆಯಲ್ಲೇ ಕಟ್ಟಿದ ಕಾರು: ತಾಮ್ರದ ಬ್ರೇಕ್ ಪೈಪ್ ಹಾಕಿದರೆ ಸಾಕೇ?

2021ರ ಕೊನೆಯಲ್ಲಿ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಒಬ್ಬ ಕುಶಲಕರ್ಮಿ ಸುಮಾರು 60,000 ರೂಪಾಯಿಯಲ್ಲಿ ಕಟ್ಟಿದ ಪುಟ್ಟ ಜೀಪಿನ ವಿಡಿಯೋ ಎಲ್ಲರ ಫೋನಿಗೂ ಬಂದಿತ್ತು. ಉದ್ಯಮಿ ಆನಂದ್ ಮಹೀಂದ್ರ ಅದನ್ನು ಹೊಗಳಿ, ಅದಕ್ಕೆ ಬದಲಾಗಿ ಬೊಲೆರೊ ಕೊಟ್ಟರು. ಆ ಜೀಪು ನಿಯಮಗಳಿಗೆ ಹೊಂದುವುದಿಲ್ಲ ಎಂದೂ ಅವರು ಹೇಳಿದ್ದರು. ಫಾರ್ವರ್ಡ್ ಮಾಡಿದವರಲ್ಲಿ ಹೆಚ್ಚಿನವರು ಆ ಭಾಗವನ್ನು ಓದಿದಂತಿಲ್ಲ.

ಇಂಥ ವಿಡಿಯೋಗಳ ಜೊತೆಗೆ ಸಲಹೆಗಳೂ ಬರುತ್ತವೆ. ಅವುಗಳಲ್ಲಿ ಮುಖ್ಯವಾದದ್ದು: "ಬ್ರೇಕ್‌ಗೆ ತಾಮ್ರದ ಪೈಪ್ ಹಾಕಿ, ತುಕ್ಕು ಹಿಡಿಯಲ್ಲ, ಬಗ್ಗಿಸೋದೂ ಸುಲಭ." ಇದರಲ್ಲಿ ಅರ್ಧ ನಿಜವಿದೆ. ಉಳಿದರ್ಧ ಅಪಾಯಕಾರಿ.

ಮೊದಲು ಆ ಪೈಪಿನೊಳಗಿನ ಒತ್ತಡ ಎಷ್ಟೆಂದು ನೋಡೋಣ. ನೀವು ಪೆಡಲ್ ಮೇಲೆ 30 ಕಿಲೋ ಭಾರ ಹಾಕಿದಿರಿ ಎನ್ನಿ. ಪೆಡಲ್ ಒಂದು ಸನ್ನೆಗೋಲು. ಅದು ಆ ಬಲವನ್ನು ಐದು ಪಟ್ಟು ಮಾಡಿದರೆ 150 ಕಿಲೋ ಆಯಿತು. ಅಷ್ಟೂ ಬಲ 19 ಮಿಲಿಮೀಟರ್ ವ್ಯಾಸದ ಪಿಸ್ಟನ್ ಮೇಲೆ ಬೀಳುತ್ತದೆ. ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ 50 ಕಿಲೋಗೂ ಹೆಚ್ಚು. ನಿಮ್ಮ ಕಾರಿನ ಟೈರಿನಲ್ಲಿರುವುದು ಎರಡು ಕಿಲೋ ಚಿಲ್ಲರೆ. ಗಾಬರಿಯಲ್ಲಿ ಜೋರಾಗಿ ಒತ್ತಿದಾಗ ಇದು ಇನ್ನೂ ಏರುತ್ತದೆ. ಇದನ್ನೆಲ್ಲ ತಡೆಯಬೇಕಾದ್ದು ಸಾಮಾನ್ಯವಾಗಿ 4.75 ಮಿಲಿಮೀಟರ್ ದಪ್ಪದ ಒಂದು ಪೈಪ್.

ತಾಮ್ರ ತುಕ್ಕು ಹಿಡಿಯುವುದಿಲ್ಲ, ನಿಜ. ಆದರೆ ಮತ್ತೆ ಮತ್ತೆ ಬಗ್ಗಿದರೆ, ನಡುಗಿದರೆ ಅದು ಗಡಸಾಗಿ ಕೊನೆಗೆ ಸೀಳುತ್ತದೆ. ತಾಮ್ರದ ತಂತಿಯನ್ನು ಹತ್ತಾರು ಸಲ ಹಿಂದೆ ಮುಂದೆ ಬಗ್ಗಿಸಿ ನೋಡಿ, ಗೊತ್ತಾಗುತ್ತದೆ. ಹಾಗಾದರೆ ವಿದೇಶದ ಕಾರುಗಳ ಫೋಟೋದಲ್ಲಿ ಕಾಣುವ ಕೆಂಪು ಪೈಪ್ ಯಾವುದು? ಅದು ಹೆಚ್ಚಾಗಿ ಕ್ಯುಪ್ರೊನಿಕಲ್: ಸುಮಾರು 90 ಭಾಗ ತಾಮ್ರ, 10 ಭಾಗ ನಿಕಲ್, ಜೊತೆಗೆ ಚೂರು ಕಬ್ಬಿಣ ಮತ್ತು ಮ್ಯಾಂಗನೀಸ್. ನೋಡಲು ತಾಮ್ರದಂತೆಯೇ ಇದ್ದರೂ ನಡುಕವನ್ನು ತಡೆಯುವ ಶಕ್ತಿ ಹೆಚ್ಚು. ಗೊಂದಲ ಹುಟ್ಟಿದ್ದೇ ಈ ಬಣ್ಣದಿಂದ. ಬ್ರಿಟನ್‌ನಲ್ಲಿ ಬ್ರೇಕಿಗೆಂದೇ ಮಾಡಿದ ತಾಮ್ರದ ಪೈಪೂ ಮಾರಾಟಕ್ಕಿದೆ. ಆದರೆ ಫ್ರಿಜ್ ರಿಪೇರಿ ಅಂಗಡಿಯ ತಾಮ್ರದ ಕೊಳವೆ ಖಂಡಿತ ಅದಲ್ಲ.

ಪೈಪ್ ಯಾವುದೆನ್ನುವಷ್ಟೇ ಮುಖ್ಯ, ಅದು ಎಲ್ಲಿ ಹೋಗುತ್ತದೆ ಎನ್ನುವುದು. ಈ ವಿಷಯದಲ್ಲಿ ಬ್ರಿಟಿಷರ ಅನುಭವ ದೊಡ್ಡದು. 1957ರಲ್ಲಿ ಬಂದ ಲೋಟಸ್ ಸೆವೆನ್ ಅನ್ನು ಬಿಡಿಭಾಗಗಳಾಗಿ ಕೊಂಡು ಮನೆಯ ಗ್ಯಾರೇಜಿನಲ್ಲಿ ಜೋಡಿಸಬಹುದಿತ್ತು. 1973ರಿಂದ ಅದನ್ನು ಕೇಟರ್‌ಹ್ಯಾಮ್ ಕಂಪನಿ ಮುಂದುವರಿಸಿದೆ. ಆ ಕಾರಿನಲ್ಲಿ ಇಬ್ಬರ ಸೀಟುಗಳ ನಡುವೆ ಒಂದು ಸುರಂಗವಿರುತ್ತದೆ. ಅದರೊಳಗೆ ಎಂಜಿನ್‌ನಿಂದ ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟ್ ತಿರುಗುತ್ತಿರುತ್ತದೆ. ಹಿಂದಿನ ಬ್ರೇಕ್ ಪೈಪೂ ಸಾಮಾನ್ಯವಾಗಿ ಅದೇ ಸುರಂಗದಲ್ಲಿ ಹೋಗುತ್ತದೆ. ಒಂದು ಕ್ಲಿಪ್ ಬಿಚ್ಚಿ ಪೈಪ್ ಜೋತುಬಿದ್ದರೆ, ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಶಾಫ್ಟ್ ಅದನ್ನು ಗರಗಸದಂತೆ ಕೊಯ್ಯುತ್ತದೆ. ಸುರಂಗ ಮುಚ್ಚಿರುವುದರಿಂದ ನಿಮಗೆ ಕಾಣುವುದೂ ಇಲ್ಲ. ಅದಕ್ಕೇ ಬಲ್ಲವರು ಪೈಪನ್ನು ಸುರಂಗದ ಮೇಲ್ಮೂಲೆಗೋ ಕೆಳಮೂಲೆಗೋ ಒತ್ತಿ, 15ರಿಂದ 30 ಸೆಂಟಿಮೀಟರಿಗೊಂದು ಕ್ಲಿಪ್ ಹಾಕುತ್ತಾರೆ. ಪ್ಲಾಸ್ಟಿಕ್ ಟೈ ಕಟ್ಟಿ ಬಿಡುವುದಿಲ್ಲ.

ಇನ್ನೊಂದು ಶತ್ರು ಬಿಸಿ. ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರುತ್ತದೆ. ಹೊಸ ಡಾಟ್ 4 ದ್ರವ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಎಂಬುದು ನಿಯಮ. ನೀರು ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಸೈಲೆನ್ಸರ್ ಪೈಪಿನ ಪಕ್ಕದಲ್ಲೇ ಬ್ರೇಕ್ ಪೈಪ್ ಎಳೆದರೆ ದ್ರವ ಒಳಗೇ ಕುದಿದು ಆವಿಯ ಗುಳ್ಳೆ ಏಳಬಹುದು. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಗುಳ್ಳೆಯನ್ನು ಕುಗ್ಗಿಸಬಹುದು. ಪೆಡಲ್ ನೆಲಕ್ಕೆ ತಾಗುತ್ತದೆ, ಕಾರು ನಿಲ್ಲುವುದಿಲ್ಲ.

ಗುಳ್ಳೆ ಬೇರೆ ದಾರಿಯಲ್ಲೂ ಸೇರುತ್ತದೆ. ಪೈಪ್ ಮಧ್ಯದಲ್ಲಿ ಉಬ್ಬಿನಂತೆ ಮೇಲೆದ್ದು ಮತ್ತೆ ಇಳಿದರೆ ಆ ಉಬ್ಬಿನಲ್ಲಿ ಗಾಳಿ ಕೂತುಬಿಡುತ್ತದೆ. ಎಷ್ಟು ಬ್ಲೀಡ್ ಮಾಡಿದರೂ ಪೆಡಲ್ ಸ್ಪಾಂಜಿನಂತೆ ಮೆತ್ತಗೆ. ಮಾಸ್ಟರ್ ಸಿಲಿಂಡರ್ ಬಳಿ ನಡುಕ ತಡೆಯಲು ಹಾಕುವ ಸುರುಳಿಯೂ ಹಾಗೇ: ಜಿಲೇಬಿಯಂತೆ ಮಲಗಿಸಿದರೆ ಸರಿ, ಚಕ್ರದಂತೆ ನಿಲ್ಲಿಸಿದರೆ ಪ್ರತಿ ಸುತ್ತಿನ ತಲೆಯಲ್ಲೂ ಗಾಳಿ. ವಾರಗಟ್ಟಲೆ ತಲೆ ಕೆಡಿಸಿಕೊಂಡವರಿಗೆ ಇದು ಗೊತ್ತು.

ಚಕ್ರದ ಬಳಿ ಗಟ್ಟಿ ಪೈಪ್ ನಿಂತು, ಬಗ್ಗುವ ಹೋಸ್ ಶುರುವಾಗಬೇಕು. ಹೋಸಿನ ಉದ್ದ ಸರಿಯೇ ಎಂದು ಕಾರು ನಿಂತಿರುವಾಗ ನೋಡಿದರೆ ಸಾಲದು. ಜಾಕ್ ಹಾಕಿ ಎತ್ತಿ, ಚಕ್ರ ಪೂರ್ತಿ ಕೆಳಗೆ ಜೋತುಬೀಳಲಿ, ಸ್ಟೀರಿಂಗ್ ಎರಡೂ ಕಡೆ ಕೊನೆತನಕ ತಿರುಗಲಿ. ಆಗ ಹೋಸ್ ಬಿಗಿಯಬಾರದು, ಟೈರಿಗೂ ತಾಗಬಾರದು. ತಗಡಿನ ತೂತಿನ ಮೂಲಕ ಪೈಪ್ ಹೋಗುವ ಕಡೆ ರಬ್ಬರ್ ಗ್ರಾಮೆಟ್ ಬೇಕೇ ಬೇಕು. ಜಾಯಿಂಟ್‌ಗೆ ಪ್ಲಂಬರ್ ಬಳಸುವ ಬಿಳಿ ಟೇಪ್ ಸುತ್ತುವವರಿದ್ದಾರೆ, ಅದು ತಪ್ಪು. ಅಲ್ಲಿ ಸೋರಿಕೆ ತಡೆಯುವುದು ಪೈಪಿನ ತುದಿಯ ಅಗಲಿಸಿದ ಭಾಗ, ಥ್ರೆಡ್ ಅಲ್ಲ. ಟೇಪಿನ ಚೂರು ಒಳಗೆ ಹೋದರೆ ಅದೂ ಒಂದು ತೊಂದರೆ.

ಸ್ಟೀಲ್ ಬಲೆ ಸುತ್ತಿದ ಹೋಸ್ ಹಾಕಿದರೆ ಕಾರು ಬೇಗ ನಿಲ್ಲುತ್ತದೆ ಎಂಬ ಮಾತೂ ಇದೆ. ಪೆಡಲ್ ಸ್ವಲ್ಪ ಗಟ್ಟಿಯಾಗುತ್ತದೆ, ಅಷ್ಟೇ. ಚಕ್ರ ಲಾಕ್ ಆಗುವಷ್ಟು ಬ್ರೇಕ್ ಈಗಾಗಲೇ ಇದ್ದರೆ, ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂಬುದು ಟೈರಿನ ಹಿಡಿತದ ಲೆಕ್ಕ.

ನಮ್ಮಲ್ಲಿ ಇದು ಕಾನೂನುಬದ್ಧವೇ?

ಬ್ರಿಟನ್‌ನಲ್ಲಿ ಮನೆಯಲ್ಲಿ ಕಟ್ಟಿದ ಕಾರನ್ನು ಒಂದೊಂದಾಗಿ ಪರೀಕ್ಷಿಸಿ ರಸ್ತೆಗೆ ಬಿಡುವ ಐವಿಎ ಎಂಬ ವ್ಯವಸ್ಥೆ ಇದೆ. ಭಾರತದಲ್ಲಿ ವಾಹನದ ಮಾದರಿ ಮೊದಲು ಪುಣೆಯ ಎಆರ್‌ಎಐನಂಥ ಸಂಸ್ಥೆಯಲ್ಲಿ ಪಾಸಾಗಬೇಕು. ಹಳೇ ಕಾರನ್ನು ಬಿಚ್ಚಿ ರೂಪ ಬದಲಿಸುವುದೂ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡಿ ಬರುತ್ತದೆ. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ.

ಕಾರು ಕಟ್ಟುವ ಆಸೆ ಇರುವ ವಿದ್ಯಾರ್ಥಿಗಳಿಗೆ ಬಾಹಾ, ಫಾರ್ಮುಲಾ ಭಾರತ್‌ನಂಥ ಸ್ಪರ್ಧೆಗಳಿವೆ. ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳ ತಂಡಗಳೂ ಇವುಗಳಲ್ಲಿ ಇಳಿಯುತ್ತವೆ. ಅಲ್ಲಿ ಬ್ರೇಕಿಗೆ ಎರಡು ಪ್ರತ್ಯೇಕ ದ್ರವ ಮಾರ್ಗಗಳು ಕಡ್ಡಾಯ, ಒಂದು ಸೋರಿದರೂ ಇನ್ನೊಂದು ಹಿಡಿಯಬೇಕು. ರೇಸಿಗೆ ಇಳಿಯುವ ಮುನ್ನ ಓಡುವ ಕಾರಿನ ಬ್ರೇಕ್ ಒತ್ತಿ ನಾಲ್ಕೂ ಚಕ್ರ ಲಾಕ್ ಆಗುವುದನ್ನು ತೋರಿಸಬೇಕು. ಮೂರು ಲಾಕ್ ಆಗಿ ಒಂದು ಉರುಳಿದರೆ ವಾಪಸ್ ಕಳಿಸುತ್ತಾರೆ.