ಬೂಟಾರಿಸ್ ಮನೆತನದ ದ್ರಾಕ್ಷಿತೋಟಗಳು

ಗ್ರೀಸ್ ದೇಶದ ಉತ್ತರಭಾಗದಲ್ಲಿರುವ ನೌಸಾ ಎಂಬ ಊರಿನಲ್ಲಿ 1879ನೆಯ ಇಸವಿಯಲ್ಲಿ ಬೂಟಾರಿಸ್ ಮನೆತನದವರು ದ್ರಾಕ್ಷಾಮದ್ಯದ ಉದ್ಯಮವನ್ನು ಆರಂಭಿಸಿದರು. ಮದ್ಯದ ಗುಣದೋಷವಿಚಾರ ಹಾಗಿರಲಿ. ಅವರ ತೋಟಗಾರಿಕೆಯ ಕ್ರಮವು ಭೂಮಾಲಿಕರಾದ ಮಹನೀಯರ ಲಕ್ಷ್ಯಕ್ಕೆ ಯೋಗ್ಯವಾದುದು.

ಫಿಲೋಕ್ಸೆರವೆಂಬ ಬೇರುಹೇನಿನಿಂದ ಆ ಸೀಮೆಯ ತೋಟಗಳು ಬಹಳ ಮಟ್ಟಿಗೆ ನಾಶವಾಗಿದ್ದುವು. 1960ರ ದಶಕದ ಅಂತ್ಯದಲ್ಲಿ ಇದೇ ವಂಶದ ಯಾನ್ನಿಸ್ ಬೂಟಾರಿಸರು ಯಾನಕೋಹೋರಿಯ ಇಳಿಜಾರಿನಲ್ಲಿ ಹೊಸ ತೋಟವನ್ನು ಹಾಕಿಸಿ, ಕ್ಸಿನೋಮಾವ್ರೋ, ಅಂದರೆ ‘ಹುಳಿಗಪ್ಪು’, ಎಂಬ ಸ್ಥಳೀಯ ತಳಿಯನ್ನೇ ನೆಡಿಸಿದರು. 1971ರಲ್ಲಿ ನೌಸಾ ಎಂಬ ಹೆಸರಿಗೆ ಕಾನೂನಿನ ರಕ್ಷಣೆ ದೊರೆಯಿತು. ಈ ತಳಿಯ ಹಣ್ಣಿಗಲ್ಲದೆ ಬೇರೆಯದಕ್ಕೆ ಆ ಹೆಸರು ಸಲ್ಲದು.

1997ರಲ್ಲಿ ಯಾನ್ನಿಸರು ಮನೆತನದ ಸಂಸ್ಥೆಯಿಂದ ಬೇರೆಯಾಗಿ, ಯಾನಕೋಹೋರಿ ಮತ್ತು ಅಮಿಂದೇಯೋ ತೋಟಗಳ ಆಧಾರದಿಂದ ಕಿರ್-ಯಾನ್ನಿ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಅವರು 2024ರಲ್ಲಿ ದೈವಾಧೀನರಾದರು; ಉದ್ಯಮವು ಮಕ್ಕಳ ಕೈಯಲ್ಲಿ ನಡೆದಿದೆ. ಮನೆ ಎರಡಾದರೂ ತೋಟ ಉಳಿಯಿತು.

ಅಣ್ಣತಮ್ಮಂದಿರು ಪಾಲಾಗುವುದು ತಪ್ಪೆಂದು ಹೇಳಲಾಗದು. ಫಲಕ್ಕೆ ಬರಲು ಮೂರು ನಾಲ್ಕು ವರ್ಷ ಹಿಡಿದು, ಬಳಿಕ ದಶಕಗಟ್ಟಲೆ ಬಾಳುವ ಬಳ್ಳಿಯ ತೋಟವನ್ನು ಸಾಲುಸಾಲಾಗಿ ಹರಿದು ಹಂಚಿಕೊಳ್ಳುವುದೇ ತಪ್ಪು. ಚಾಟನಿಗೂ ನೀರಿಗೂ ಒಬ್ಬ ಯಜಮಾನನಿರಬೇಕು. ಆದಕಾರಣ ಪಾಲುಪತ್ರ ಬರೆಯಿಸುವವರು ತೋಟವನ್ನು ಇಡಿಯಾಗಿ ಒಬ್ಬರಿಗೆ ಬಿಟ್ಟು, ಉಳಿದವರಿಗೆ ಬೇರೆ ಜಮೀನನ್ನಾಗಲಿ ಹಣವನ್ನಾಗಲಿ ಸರಿದೂಗಿಸಿಕೊಡುವುದು ಶ್ರೇಯಸ್ಕರವೆಂದು ನನ್ನ ಅಭಿಪ್ರಾಯ.