ಟೀ ಸ್ಟ್ರಾಂಗ್ ಆಗಬೇಕಾದರೆ ಪುಡಿ ಹಾಕಿ, ಕುದಿ ನಿಲ್ಲಿಸಿ

ಮಂಡ್ಯ ಜಿಲ್ಲೆಯ ಟೀ ಅಂಗಡಿಗಳ ಮೇಲೆ ನನಗೊಂದು ತಕರಾರಿದೆ. ಹಾಲಿಗೆ ಹೆಸರಿಡುವಂತಿಲ್ಲ, ಗೆಜ್ಜಲಗೆರೆಯ ಡೇರಿ ಕೂಗಳತೆಯಲ್ಲಿದೆ. ಸಕ್ಕರೆಗಂತೂ ಬರವಿಲ್ಲದ ಸೀಮೆ. ಪುಡಿಯೂ ತೀರಾ ಕಳಪೆಯೇನಲ್ಲ. ಆದರೂ ಲೋಟ ಕೆಳಗಿಡುವ ಹೊತ್ತಿಗೆ ನಾಲಿಗೆ ದಪ್ಪಗಾಗಿ ಗಂಟಲಲ್ಲಿ ಒಗರು ನಿಂತುಬಿಡುತ್ತದೆ. ಕಾರಣ ಇಷ್ಟೇ: ನಾವು ಟೀಯನ್ನು ಬೇಕಾದ್ದಕ್ಕಿಂತ ತುಂಬಾ ಹೆಚ್ಚು ಹೊತ್ತು ಕುದಿಸುತ್ತೇವೆ.

ನಾನು ಮಳವಳ್ಳಿಯಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದವಳು. ತವರು ಮದ್ದೂರು. ಪಿಂಚಣಿ, ಬ್ಯಾಂಕು, ಆಸ್ಪತ್ರೆ ಅಂತ ಮಂಡ್ಯಕ್ಕೂ ಹೋಗುತ್ತಿರಬೇಕು. ಹಾಗಾಗಿ ಮೂರೂ ಊರುಗಳ ಬಸ್ ನಿಲ್ದಾಣದ ಟೀ ರುಚಿ ಗೊತ್ತು. ಹೆಂಗಸೊಬ್ಬಳು ಅಂಗಡಿ ಮುಂದೆ ನಿಂತು ಟೀ ಕುಡಿದರೆ ನೋಡುವವರು ಈಗಲೂ ಇದ್ದಾರೆ, ಇರಲಿ. ‘ಸಾಕು, ಸೋಸಿಬಿಡಪ್ಪ’ ಎಂದರೆ ಎಲ್ಲ ಕಡೆಯೂ ಬರುವ ಉತ್ತರ ಒಂದೇ: ‘ಇನ್ನೊಂದ್ ಕುದಿ ಬರ್ಲಿ ಇರಿ ಮೇಡಂ, ಸ್ಟ್ರಾಂಗಾಯ್ತದೆ.’

ಆಗುವುದಿಲ್ಲ. ಬಿಸಿನೀರಿಗೆ ಬಿದ್ದ ಪುಡಿ ತನ್ನಲ್ಲಿರುವುದನ್ನೆಲ್ಲ ಒಂದೇ ಸಲಕ್ಕೆ ಬಿಟ್ಟುಕೊಡುವುದಿಲ್ಲ. ಪರಿಮಳ, ಬಣ್ಣ ಮತ್ತು ನಮ್ಮನ್ನು ಎಚ್ಚರಿಸುವ ಕೆಫೀನಿನ ಬಹುಪಾಲು ಮೊದಲ ಕೆಲವು ನಿಮಿಷಗಳಲ್ಲೇ ಇಳಿಯುತ್ತವೆ. ಒಗರು ಕೊಡುವ ಪಾಲಿಫಿನಾಲುಗಳು, ಅಂದರೆ ಬಳಕೆಯ ಮಾತಿನಲ್ಲಿ ಟ್ಯಾನಿನ್, ನಿಧಾನಕ್ಕೆ ಬರುತ್ತಲೇ ಇರುತ್ತವೆ. ಅವು ಜೊಲ್ಲಿನಲ್ಲಿರುವ ಪ್ರೋಟೀನಿಗೆ ಅಂಟಿಕೊಂಡು ಬಾಯಿಯ ಪಸೆ ತೆಗೆಯುತ್ತವೆ. ಇತ್ತ ಪರಿಮಳ ಹಬೆಯ ಜೊತೆ ಹಾರಿಹೋಗುತ್ತಿರುತ್ತದೆ. ಅಂಗಡಿ ಮುಂದೆ ಹಾದುಹೋಗುವವರ ಮೂಗಿಗೆ ಬಡಿಯುವ ಆ ಘಮ ಲೋಟದೊಳಗೆ ಇರಬೇಕಾಗಿತ್ತು. ಎರಡನೆಯ, ಮೂರನೆಯ ಕುದಿಯಲ್ಲಿ ಸಿಗುವುದು ಒಗರು ಮಾತ್ರ. ಅದನ್ನು ನಾವು ಸ್ಟ್ರಾಂಗ್ ಎಂದು ತಿಳಿದಿದ್ದೇವೆ.

ಎಷ್ಟು ಹೊತ್ತು ಸಾಕು ಎಂಬುದು ಎಲೆಯ ಮೇಲೆ ಹೋಗುತ್ತದೆ. ನಮ್ಮ ಕಡೆ ಅಂಗಡಿಗೂ ಮನೆಗೂ ಬರುವುದು ಹೆಚ್ಚಾಗಿ ಸಿಟಿಸಿ ಪುಡಿ, ಅದರಲ್ಲೂ ಡಸ್ಟ್. ಎಲೆಯನ್ನು ಹಲ್ಲಿರುವ ರೋಲರುಗಳ ನಡುವೆ ಜಜ್ಜಿ, ಹರಿದು, ಸುರುಳಿ ಮಾಡುವ ಈ ಯಂತ್ರ 1930ರ ದಶಕದಲ್ಲಿ ಅಸ್ಸಾಮಿನ ತೋಟಗಳಲ್ಲಿ ಹುಟ್ಟಿದ್ದು. ಕಾಳು ಎಷ್ಟು ಸಣ್ಣದೋ ನೀರು ಅಷ್ಟು ಬೇಗ ಒಳಹೊಕ್ಕು ಸಾರ ತೆಗೆಯುತ್ತದೆ. ಬೇಗ ಬಿಡಲಿ, ಹಾಲಿಗೆ ತಡೆದುಕೊಳ್ಳಲಿ ಎಂದೇ ಹೀಗೆ ಮಾಡಿದ ಪುಡಿಗೆ ಕುದಿನೀರಿನಲ್ಲಿ 2 ನಿಮಿಷ ಬೇಕಾದಷ್ಟಾಯಿತು. ಅದನ್ನು ಕಾಲು ಗಂಟೆ ಕುದಿಸುವುದು ಗ್ಯಾಸಿಗೂ ದಂಡ, ನಾಲಿಗೆಗೂ ದಂಡ. ಇಡಿ ಎಲೆಯ ನೀಲಗಿರಿ ಟೀಗಾದರೆ 3ರಿಂದ 5 ನಿಮಿಷ ಬೇಕು. ಅದನ್ನೂ ಕುದಿಸಬಾರದು, ಕುದಿದ ನೀರು ಹೊಯ್ದು ಮುಚ್ಚಿಡಬೇಕು. ವರ್ಷದ ಮೊದಲ ಚಿಗುರಿನ ಡಾರ್ಜಿಲಿಂಗ್ ಇನ್ನೂ ನಾಜೂಕು, 2–3 ನಿಮಿಷಕ್ಕೇ ತೆಗೆಯಬೇಕು.

ಗ್ರೀನ್ ಟೀಯ ಪಾಡಂತೂ ಹೇಳುವ ಹಾಗೇ ಇಲ್ಲ. ಸಕ್ಕರೆ ಕಾಯಿಲೆ ಬಂತೆಂದು ನನ್ನ ಓರಗೆಯವರೆಲ್ಲ ಅದನ್ನು ಹಿಡಿದಿದ್ದಾರೆ. ಕುದಿಯುವ ನೀರಿಗೆ ಚೀಲ ಬಿಟ್ಟು, ಅದು ಲೋಟದಲ್ಲೇ ಇರುವಂತೆ ಕುಡಿದು, ‘ಬೇವಿನ ಕಷಾಯ ಕಣವ್ವ’ ಎಂದು ಮುಖ ಹಿಂಡುತ್ತಾರೆ. ನೀರು ಇಳಿಸಿ ಸ್ವಲ್ಪ ಆರಲು ಬಿಡಬೇಕು, ಅದು 70ರಿಂದ 80 ಡಿಗ್ರಿಗೆ ಬರಬೇಕು. ಚೀಲ 2–3 ನಿಮಿಷ ಇದ್ದರೆ ಸಾಕು, ಆಮೇಲೆ ತೆಗೆದು ಬಿಸಾಡಬೇಕು. ಅದಕ್ಕೆ ಹಾಲಿನ ರಕ್ಷಣೆ ಇಲ್ಲ ನೋಡಿ. ಹಾಲಿನ ಟೀಯಲ್ಲಿ ಕೇಸಿನ್ ಎಂಬ ಪ್ರೋಟೀನು ಟ್ಯಾನಿನ್ನನ್ನು ಕಟ್ಟಿಹಾಕುತ್ತದೆ, ಹಾಗಾಗಿ ನಮ್ಮ ತಪ್ಪು ಅರ್ಧ ಮುಚ್ಚಿಹೋಗುತ್ತದೆ. ಮಿಕ್ಕರ್ಧ ಮುಚ್ಚಲು ಸಕ್ಕರೆ ಸುರಿಯುತ್ತೇವೆ. ಕುದಿ ಕಡಿಮೆ ಮಾಡಿ ನೋಡಿ, ಸಕ್ಕರೆ ತಾನಾಗಿ ಕಡಿಮೆಯಾಗುತ್ತದೆ.

ಆರು ನಿಮಿಷದ ಲೆಕ್ಕವೊಂದು ಚಾಲ್ತಿಯಲ್ಲಿದೆ, ಅದನ್ನು ನಂಬಿ ಮೋಸ ಹೋಗಬೇಡಿ. ಐಎಸ್‌ಒ 3103 ಎಂಬ ಅಂತರರಾಷ್ಟ್ರೀಯ ಮಾನಕ 1980ರಲ್ಲಿ ಬಂತು. 100 ಮಿಲಿ ನೀರಿಗೆ 2 ಗ್ರಾಂ ಪುಡಿ, 6 ನಿಮಿಷ ಎಂದು ಅದು ಹೇಳುತ್ತದೆ. ಅದು ಪುಡಿ ಪರೀಕ್ಷಿಸುವವರಿಗೆ ಕೊಟ್ಟ ಅಳತೆ, ಒಂದು ಮಾದರಿಯನ್ನು ಇನ್ನೊಂದಕ್ಕೆ ಹೋಲಿಸುವಾಗ ಎಲ್ಲರೂ ಒಂದೇ ರೀತಿ ಮಾಡಲಿ ಎಂದು. ಅಡುಗೆಮನೆಗೆ ಅದರಿಂದ ತೆಗೆದುಕೊಳ್ಳಬೇಕಾದದ್ದು ಆ 2 ಗ್ರಾಂ.

ನನಗೆ ಸೋಜಿಗವೆನಿಸುವುದು ಬೇರೆ. ಕಾಫಿಯ ವಿಷಯದಲ್ಲಿ ಇದೇ ನಾವು ಎಷ್ಟು ಶಿಸ್ತು! ಫಿಲ್ಟರಿಗೆ ಪುಡಿ ಹಾಕಿ, ಬಿಸಿನೀರು ಹೊಯ್ದು, ಡಿಕಾಕ್ಷನ್ ಹನಿ ಹನಿಯಾಗಿ ಇಳಿಯಲಿ ಎಂದು ಕಾಯುತ್ತೇವೆ. ಡಿಕಾಕ್ಷನ್ನನ್ನು ಒಲೆಯ ಮೇಲಿಟ್ಟು ಕುದಿಸಿದವಳಿಗೆ ಅತ್ತೆಯಿಂದ ಬೈಗುಳ ಗ್ಯಾರಂಟಿ. ಅದೇ ಅತ್ತೆ ಟೀ ಪಾತ್ರೆಯನ್ನು ಒಲೆ ಮೇಲೆ ಮರೆತು ಧಾರಾವಾಹಿ ನೋಡುತ್ತಾರೆ. ಕಾಫಿ ಮನೆಮಗ, ಟೀ ಬಂದುಹೋಗುವವರಿಗೆ ಎಂಬ ತಾತ್ಸಾರ ನಮ್ಮಲ್ಲಿ ಉಳಿದಿದೆ.

ಅಂಗಡಿಯವರ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ಉಳಿತಾಯ ಎಲ್ಲಿ ಎಂದು ಹುಡುಕಿದಾಗ ಕೈ ಹೋಗುವುದು ಪುಡಿಯ ಡಬ್ಬಕ್ಕೆ. ಹಳೆಯ ಚರಟದ ಮೇಲೆ ಅರ್ಧ ಚಮಚೆ ಹೊಸ ಪುಡಿ ಉದುರಿಸಿ ಮತ್ತೆ ಕುದಿಸುವುದು ಹೀಗೆ ಶುರುವಾಗುತ್ತದೆ. ಆದರೆ ಲೆಕ್ಕ ಹಾಕಿ. ಕಿಲೋಗೆ 500 ರೂಪಾಯಿಯ ಪುಡಿ ಎಂದಿಟ್ಟುಕೊಂಡರೂ 2 ಗ್ರಾಮಿಗೆ ಬೀಳುವುದು 1 ರೂಪಾಯಿ. ಒಂದು ಲೋಟದಲ್ಲಿ ಹಾಲಿಗೆ ಹೋಲಿಸಿದರೆ ಪುಡಿ ಅಗ್ಗವೇ. ಅದರಲ್ಲಿ ನಾಲ್ಕಾಣೆ ಉಳಿಸಲು ಹೋಗಿ ದುಬಾರಿ ಹಾಲು ಕೆಡಿಸುವುದು ಯಾವ ವ್ಯಾಪಾರ?

ಮದ್ದೂರಿನಲ್ಲಿ ಇನ್ನೊಂದು ಕಾರಣವೂ ಸೇರಿಕೊಂಡಿದೆ. 2023ರ ಮಾರ್ಚಿನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ ವೇ ಉದ್ಘಾಟನೆಯಾಯಿತು. ಕಾರುಗಳು ಊರಿನೊಳಗೆ ಬರುವುದನ್ನು ಬಿಟ್ಟವು. ಮೊದಲು ವಡೆ ತಿನ್ನಲು ಇಳಿದವರು ಟೀ ಕೇಳುತ್ತಿದ್ದರು, ಪಾತ್ರೆ ಖಾಲಿಯಾಗುತ್ತಲೇ ಹೊಸದು ಏರುತ್ತಿತ್ತು. ಈಗ ಅದೇ ಟೀ ಗಿರಾಕಿಗಾಗಿ ಸಣ್ಣ ಉರಿಯಲ್ಲಿ ಕಾಯುತ್ತದೆ, ಪ್ರತಿ ಗಿರಾಕಿಗೂ ಮತ್ತೆ ಕುದಿ ಕಾಣುತ್ತದೆ. ವ್ಯಾಪಾರ ಕಡಿಮೆ ಇರುವ ಕಡೆಯೇ ಸೋಸಿ ಫ್ಲಾಸ್ಕಿಗೆ ಹಾಕಿಡುವ ಅಗತ್ಯ ಜಾಸ್ತಿ. ಚರಟದಿಂದ ಬೇರೆಯಾದ ಟೀ ಒಂದರ್ಧ ಗಂಟೆ ಇದ್ದರೂ ಒಗರು ಏರುವುದಿಲ್ಲ.

ಅತಿಯಾಗಿ ಕುದಿಸದೆ ಟೀ ಹೇಗೆ ಮಾಡಬೇಕೆಂದು ಕಲಿಯಲು ದೂರ ಹೋಗಬೇಕಿಲ್ಲ, ನಮ್ಮ ಬೆಲ್ಲದ ಟೀಯೇ ಇದೆ. ಬೆಲ್ಲದಲ್ಲಿರುವ ಹುಳಿ ಮತ್ತು ಲವಣಗಳಿಂದ, ಹಾಲಿನ ಜೊತೆ ಕುದಿಸಿದರೆ ಒಡೆದುಹೋಗುವ ಭಯ. ಅದಕ್ಕೇ ಆಲೆಮನೆ ಕಂಡವರು ಡಿಕಾಕ್ಷನ್ ಬೇರೆ, ಕಾಯಿಸಿದ ಹಾಲು ಬೇರೆ ಇಟ್ಟುಕೊಂಡು ಕೊನೆಗೆ ಒಲೆಯಿಂದ ಇಳಿಸಿ ಬೆರೆಸುತ್ತಾರೆ. ಒಡೆಯದಿರಲೆಂದು ಮಾಡುವ ಈ ಉಪಾಯದಲ್ಲಿ ಪುಡಿಯೂ ಅತಿಯಾಗಿ ಕುದಿಯದೆ ಉಳಿಯುತ್ತದೆ. ಬೆಲ್ಲದ ಟೀ ಹಗುರ ಎನ್ನುವವರು ಬೆಲ್ಲವನ್ನಷ್ಟೇ ಹೊಗಳುತ್ತಾರೆ, ಹೊಗಳಿಕೆಯಲ್ಲಿ ಅರ್ಧ ಈ ಕ್ರಮಕ್ಕೂ ಸಲ್ಲಬೇಕು. ಶುಂಠಿ ಹಾಕುವವರಿಗೂ ಒಂದು ಮಾತು: ಶುಂಠಿಯನ್ನು ಮೊದಲು ನೀರಿನಲ್ಲಿ ಎಷ್ಟು ಬೇಕಾದರೂ ಕುದಿಸಿ, ಅದಕ್ಕೆ ಕಾಲ ಬೇಕು. ಪುಡಿ ಬೀಳಬೇಕಾದದ್ದು ಕೊನೆಯ 2 ನಿಮಿಷಕ್ಕೆ.

ರುಚಿಯ ಮಾತು ಬಿಟ್ಟು ಒಂದು ಆರೋಗ್ಯದ ಮಾತನ್ನೂ ಹೇಳಲೇಬೇಕು. ಟ್ಯಾನಿನ್ ಸೊಪ್ಪು, ಕಾಳು, ರಾಗಿಯಲ್ಲಿರುವ ಕಬ್ಬಿಣದಂಶವನ್ನು ಹಿಡಿದುಕೊಂಡು ದೇಹಕ್ಕೆ ಸಿಗದಂತೆ ಮಾಡುತ್ತದೆ. ಐಸಿಎಂಆರ್ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ 2024ರ ಮೇನಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ಊಟಕ್ಕೆ ಮುಂಚೆ ಒಂದು ಗಂಟೆ, ಊಟದ ನಂತರ ಒಂದು ಗಂಟೆ ಟೀ, ಕಾಫಿ ಬೇಡ ಎಂದಿವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ. ನಮ್ಮಲ್ಲಿ ನಾಟಿಗೆ ಬಂದ ಹೆಣ್ಣಾಳುಗಳಿಗೆ ಮುದ್ದೆ ಬಸ್ಸಾರಿನ ಊಟ ಮುಗಿಯುತ್ತಿದ್ದಂತೆ ಕ್ಯಾನಿನ ಟೀ ಬಗ್ಗಿಸುತ್ತೇವೆ. ಬಸ್ಸಾರಿನ ಸೊಪ್ಪು ಕೊಟ್ಟದ್ದನ್ನು ಟೀ ಕಿತ್ತುಕೊಳ್ಳುತ್ತದೆ. ಗದ್ದೆ ಮಾಲೀಕರು ಅದೇ ಟೀಯನ್ನು ಹನ್ನೊಂದು ಗಂಟೆಗೋ ನಾಲ್ಕು ಗಂಟೆಗೋ ಕಳಿಸಿದರೆ ಒಂದು ರೂಪಾಯಿಯೂ ಹೆಚ್ಚು ಖರ್ಚಾಗುವುದಿಲ್ಲ.

ಬದಲಾವಣೆ ಅಂಗಡಿಯವರಿಂದ ಶುರುವಾಗಲಿ ಎಂದು ಕಾಯುವುದರಲ್ಲಿ ಅರ್ಥವಿಲ್ಲ. ಅವರು ಕುದಿಸುವುದು ನಾವು ‘ಸ್ಟ್ರಾಂಗ್’ ಎಂದು ಕೇಳುವುದರಿಂದ. ಇನ್ನು ಮೇಲೆ ‘ಪುಡಿ ಜಾಸ್ತಿ, ಕುದಿ ಕಡಿಮೆ’ ಎಂದು ಕೇಳಿ. ಹೊಸದಾಗಿ ಹಾಕಿದ ಟೀಗೆ ಒಂದೆರಡು ರೂಪಾಯಿ ಹೆಚ್ಚು ಕೇಳಿದರೆ ಗೊಣಗದೆ ಕೊಡಿ. ಮನೆಯಲ್ಲಿ ಪುಡಿ ಹಾಕಿದ ಮೇಲೆ ಗಡಿಯಾರ ನೋಡಿ, 2 ನಿಮಿಷಕ್ಕೆ ಸೋಸಿ.